ತಕ್ಕಡಿ ಸಾಹೇಬರು

ಉಳ್ಳ ಜಿಲ್ಲೆಗಳ ತೆರಿಗೆಯಲ್ಲಿ ಒಂದು ಪಾಲು ತೆಗೆದು ಇಲ್ಲದ ಜಿಲ್ಲೆಗಳಿಗೆ ಹಂಚುವ ಅಧಿಕಾರಿಗೆ ಕಚೇರಿಯವರು ಇಟ್ಟ ಹೆಸರು ತಕ್ಕಡಿ ಸಾಹೇಬರು. ಚಹಾ ಬಂದರೂ ಅಷ್ಟೇ, ಲೋಟಗಳನ್ನು ಸಾಲಾಗಿಟ್ಟು, ತುಂಬಿದ ಲೋಟದಿಂದ ಕಡಿಮೆ ಇದ್ದುದಕ್ಕೆ ಬಗ್ಗಿಸಿ, ಸಮ ಮಾಡಿದ ಮೇಲೆಯೇ ಕುಡಿಯುತ್ತಾರೆ. ಉಳ್ಳವರು ಬಂದು ರೇಗಾಡಲಿ, ಇಲ್ಲದವರು ಬಂದು ಗೋಗರೆಯಲಿ, ಹಂಚಿಕೆಯ ಸೂತ್ರ ಬರೆದ ಹಾಳೆಯನ್ನು ಮುಂದಿಟ್ಟು, “ಇದಕ್ಕೆ ನೆಂಟರಿಲ್ಲ ಕಣ್ರಿ” ಅನ್ನುವುದೊಂದೇ ಉತ್ತರ. ಈ ವರ್ಷ ಬಡ ಜಿಲ್ಲೆಗಳ ಪಟ್ಟಿಯಿಂದ ಅವರು ಹುಟ್ಟಿದ ಜಿಲ್ಲೆಯೇ ಬಿದ್ದುಹೋಯಿತು. ಸಹಿ ಹಾಕಿದವರೂ ಅವರೇ. ಊರಲ್ಲೇ ಇರುವ ಅಕ್ಕ ಫೋನ್ ಮಾಡಿ, “ನಾವು ಯಾವಾಗ ಸಾಹುಕಾರರಾದ್ವೋ?” ಅಂದಳು. “ಬಡವರೆಲ್ಲ ಊರು ಬಿಟ್ರಲ್ಲ ಅಕ್ಕ, ಉಳಿದವರ ತಲೆಗೆ ಬರೋ ಆದಾಯ ಜಾಸ್ತಿ ಆಯ್ತು.” “ಮೊದಲು ಬಿಟ್ಟವನು ನೀನೇ ಅಲ್ವೇನೋ,” ಅಂದಳು, ಬೈಯುವ ದನಿಯಲ್ಲೂ ಅಲ್ಲ.