ತಂತಿಗೆ ಮುಡಿಸಿದ ಮರುಗ

ನನ್ನ ಮೊಮ್ಮಗಳಿಗೆ ಹೆಣ್ಣು ಮಗುವಾಗಿದೆ. ಬೆಳಿಗ್ಗೆ ಚಾಮರಾಜನಗರದ ಆಸ್ಪತ್ರೆಯಿಂದ ಸುದ್ದಿ ಬಂದಾಗಿನಿಂದ ಬೇಗೂರಿನಲ್ಲಿ ಕಂಡವರಿಗೆಲ್ಲ ಹೇಳಿದ್ದೇನೆ. ಹಾಲಿನವನಿಗೆ ಎರಡು ಸಲ ಹೇಳಿದೆನಂತೆ, ಇರಲಿ. ಆಮೇಲೆ ಹೂವಿನವಳು ಬಂದು ಬುಟ್ಟಿ ಇಳಿಸಿದಳು. ಮರುಗದ ವಾಸನೆ ಜಗುಲಿಯೆಲ್ಲ ತುಂಬಿತು. ಅದರ ಹಿಂದೆಯೇ ನೆನಪಾದರು... ಗುಂಡ್ಲುಪೇಟೆಯ ಟೆಲಿಫೋನ್ ಎಕ್ಸ್‌ಚೇಂಜಿನ ಅಕ್ಕ.

ತೊಂಬತ್ತರ ಮೊದಲ ವರ್ಷಗಳು. ಆಗ ಊರಿನ ಫೋನುಗಳನ್ನೆಲ್ಲ ಅವರು ಕೈಯಿಂದಲೇ ಜೋಡಿಸುತ್ತಿದ್ದರು. ಹಲಗೆ ತುಂಬ ತೂತು, ತೂತಿಗೆ ಸಿಕ್ಕಿಸುವ ತಂತಿ. ಜಡೆಯಲ್ಲಿ ದಿನವೂ ಮರುಗ. ನನ್ನ ಮಗಳು ಹೆರಿಗೆಗೆಂದು ಮೈಸೂರಿನ ಆಸ್ಪತ್ರೆಯಲ್ಲಿದ್ದಳು. ಮನೆಯಲ್ಲಿ ಅತ್ತೆ ಹಾಸಿಗೆ ಹಿಡಿದಿದ್ದರಿಂದ ನನಗೆ ಹೋಗಲಾಗಿರಲಿಲ್ಲ. ಎಕ್ಸ್‌ಚೇಂಜಿಗೆ ಹೋಗಿ ಫೋನು ಮಾಡಿಸಿದೆ. ಮಗು ಅಡ್ಡ ತಿರುಗಿದೆ, ಈಗ ಒಳಗೆ ಕರೆದುಕೊಂಡು ಹೋದರು, ಲೈನ್ ಬಿಡಬೇಡಿ, ನೋಡಿಕೊಂಡು ಬರುತ್ತೇನೆ ಎಂದು ನರ್ಸು ಹೋದಳು.

ಅವತ್ತೇ ಹಳೇ ಹಲಗೆ ತೆಗೆದು ತಂತಿಗಳನ್ನು ಪಕ್ಕದ, ತಾನೇ ಫೋನು ಜೋಡಿಸುವ ಹೊಸ ಮಿಷನ್ನಿಗೆ ಸೇರಿಸುವುದಿತ್ತು. ಎಲ್ಲವನ್ನೂ ಒಟ್ಟಿಗೇ ಕಿತ್ತು ಬೇಗ ಮುಗಿಸೋಣ ಎಂದರು ಆ ಕೆಲಸಕ್ಕೆ ಬಂದಿದ್ದ ಸಾಹೇಬರು. ಕಿತ್ತರೆ ನನ್ನ ಮಾತು ಹೋಯಿತು. ಹೊಸದರಲ್ಲಿ ಮೈಸೂರು ಯಾವಾಗ ಸಿಗುವುದೋ ಅವರಿಗೂ ಗೊತ್ತಿರಲಿಲ್ಲ. ಅಕ್ಕ ನನ್ನ ಮುಖ ನೋಡಿದರು. ಜಡೆಯಿಂದ ಮರುಗದ ಕುಡಿ ಕಿತ್ತು ನನ್ನ ತಂತಿಗೆ ಸಿಕ್ಕಿಸಿದರು. ಮಾತು ನಡೆಯುತ್ತಿದ್ದ ಬೇರೆ ತಂತಿಗಳಿಗೂ ಒಂದೊಂದು.

"ಏನಮ್ಮ, ತಂತಿಗೂ ಮುಡಿಸ್ತೀಯಲ್ಲ, ಧಾರೆ ಎರೆದು ಕೊಡ್ತೀಯಾ?" ಎಂದರು ಸಾಹೇಬರು.

"ಮರುಗ ಇರೋದ್ರಲ್ಲಿ ಮಾತದೆ ಸಾ, ಅದ ಮುಟ್ಬ್ಯಾಡಿ. ಸುಮ್ಕಿರೋವ ಮೊದ್ಲು ತಕ್ಕೊಂಡೋಗಿ. ಮಾತು ಮುಗುದಂಗೆಲ್ಲ ಇವ ನಾನೇ ಕೊಡ್ತೀನಿ."

ಸಾಹೇಬರು ನಕ್ಕು ಒಪ್ಪಿದರು. ಹೊಸ ಕರೆಗಳು ಹೊಸ ಮಿಷನ್ನಿನಲ್ಲಿ ಬಂದವು. ಆಡುತ್ತಿದ್ದ ಮಾತು ಹಳೇ ಹಲಗೆಯಲ್ಲೇ ಮುಗಿಯಿತು. ಒಬ್ಬರ ಮಾತು ಮುಗಿದರೆ ಅಕ್ಕ ಮರುಗ ತೆಗೆಯುವರು, ತಂತಿ ಆ ಕಡೆ ಹೋಗುವುದು. ಕೊನೆಗೆ ನನ್ನದೊಂದೇ ಹಸಿರು ಉಳಿಯಿತು. ಸಾಹೇಬರೂ ಸ್ಟೂಲೆಳೆದುಕೊಂಡು ಕೂತರು. ಫೋನಿನಲ್ಲಿ ಬರೀ ಸುಯ್ ಎನ್ನುವ ಸದ್ದು...

ಆಮೇಲೆ ನರ್ಸಿನ ದನಿ ಬಂತು. ಹೆಣ್ಣು ಮಗು, ತಾಯಿ ಚೆನ್ನಾಗಿದ್ದಾಳೆ. ಹೆಣ್ಣಂತೆ ಎಂದು ಅಕ್ಕನಿಗೆ ಹೇಳಿದೆ, ಫೋನು ಮಾತ್ರ ಕಿವಿಯಲ್ಲೇ ಇತ್ತು.

"ಅಜ್ಜಿಯಾದೆ ಕಣವ್ವ. ಈಗ್ಲಾರ ಫೋನ ಮಡುಗು, ಸಾಹೇಬ್ರು ಊಟ ಮಾಡ್ಬೇಕು" ಎಂದರು ಅಕ್ಕ. ಆ ತಂತಿಯ ಮರುಗವನ್ನು ತೆಗೆದು ನನ್ನ ತುರುಬಿಗೆ ಸಿಕ್ಕಿಸಿದರು. ಬಾಡಿತ್ತು, ವಾಸನೆ ಮಾತ್ರ ಹಾಗೇ ಇತ್ತು.

ಆಮೇಲೆ ಅವರಿಗೆ ವರ್ಗವಾಯಿತು. ಮೊಮ್ಮಗಳನ್ನು ಒಮ್ಮೆ ಎತ್ತಿಕೊಂಡು ಹೋಗಿ ತೋರಿಸಿದ್ದೆ. ಈಗ ಅವರಿಲ್ಲ... ತೀರಿಕೊಂಡದ್ದು ನನಗೆ ತಿಳಿದದ್ದೂ ತಡವಾಗಿ. ಅವತ್ತು ಹುಟ್ಟಿದವಳೇ ಇವತ್ತು ತಾಯಿಯಾದಳು ಎಂದು ಮೊದಲು ಅವರಿಗೇ ಹೇಳಬೇಕಿತ್ತು.

ಸಂಜೆ ಮನೆಯವರೆಲ್ಲ ಸಾಲಾಗಿ ಕೂತು ಮುದ್ದೆ, ಅವರೆಕಾಳಿನ ಸಾರು, ಶಾವಿಗೆ ಪಾಯಸ ಉಂಡೆವು. ನಡುವೆ ಮಗಳು ಆಸ್ಪತ್ರೆಯಿಂದ ಫೋನು ಮಾಡಿ ಮಗುವಿನ ಅಳು ಕೇಳಿಸಿದಳು. ಮೊಬೈಲನ್ನು ಎಲೆಗಳ ಮಧ್ಯೆ ಇಟ್ಟೆವು. ಅಳು ನಿಂತ ಮೇಲೆ ಮಗ ಕರೆ ಮುಗಿಸಲು ಕೈ ಚಾಚಿದ. ನಾನು ಹೂವಿನವಳಿಂದ ಕೊಂಡು ಮುಡಿದಿದ್ದ ಮರುಗದ ಕುಡಿಯೊಂದನ್ನು ತುರುಬಿನಿಂದ ತೆಗೆದು ಅದರ ಮೇಲಿಟ್ಟೆ. ಪಾಯಸ ಮುಗಿಯುವವರೆಗೂ ಯಾರೂ ಅದನ್ನು ಮುಟ್ಟಲಿಲ್ಲ.