ಸಲೀಂ ಚಾಚಾನ ರಜೆ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಅದು ಮಾವಿನಹಣ್ಣಿನ ಕಾಲವೆಂದು ನನ್ನ ನೆನಪು. ಅಷ್ಟರಲ್ಲಿ ಮಳೆ ಹಿಡಿದಿತ್ತು ಎನ್ನುತ್ತಾಳೆ ಅಮ್ಮಿ. ಮನೆಯಲ್ಲಿ ನಮ್ಮದು ದಖನಿ, ಓಣಿಯಲ್ಲಿ ಕನ್ನಡ. ಯಾರು ಯಾವ ಮಾತನ್ನು ಯಾವುದರಲ್ಲಿ ಆಡಿದರೆಂಬುದೂ ಈಗ ಕಲಸಿಹೋಗಿದೆ. ಎಲ್ಲವನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಆಗ ನಾವು ಬೀದರಿನ ಮೈಲೂರಿನಲ್ಲಿದ್ದೆವು. ನನಗೆ ಒಂಬತ್ತೋ ಹತ್ತೋ. ಆ ದಿನಗಳಲ್ಲಿ ಮನೆಗೆಲ್ಲ ಒಂದೇ ದೊಡ್ಡ ಫೋನು. ದೂರದ ಕರೆ ಬಂತೆಂದರೆ ಎಲ್ಲರೂ ಮಾಳಿಗೆ ಹತ್ತುತ್ತಿದ್ದೆವು, ಸಿಗ್ನಲ್ ಸಿಗುತ್ತಿದ್ದುದು ಅಲ್ಲಿ ಮಾತ್ರ. ನಮ್ಮದು ಚಾವೂಷ್ ಮನೆತನ. ನಿಜಾಮರ ಸೈನ್ಯಕ್ಕೆ ಸೇರಲು ಯೆಮೆನ್ ದೇಶದ ಹದ್ರಮೌತಿನಿಂದ ಬಂದವರ ಮಕ್ಕಳು, ಮೊಮ್ಮಕ್ಕಳು. ಅಪ್ಪನ ತಂದೆ ದಾದಾ ಎಂದೂ ಬಂದೂಕು ಹಿಡಿದವರಲ್ಲ, ಚಹಾಪುಡಿ ಮಾರಿ ಬದುಕಿದವರು. ಆದರೂ ಗೋಡೆಗೆ ತೂಗುಹಾಕಿದ್ದ ಹಿರಿಯರ ಬಾಕುವಿಗೆ ಶುಕ್ರವಾರ ಎಣ್ಣೆ ಹಚ್ಚುವುದನ್ನು ತಪ್ಪಿಸುತ್ತಿರಲಿಲ್ಲ. ಆ ಎಣ್ಣೆಯ ವಾಸನೆ ಅವರ ಲುಂಗಿಗೂ ಹತ್ತಿರುತ್ತಿತ್ತು.

ದಾದಾರ ತಮ್ಮ ಚಿಕ್ಕಂದಿನಲ್ಲೇ ಹದ್ರಮೌತಿಗೆ ಮರಳಿದ್ದರು. ಅವರ ಮಗ ಸಲೀಂ ಚಾಚಾ ಓದಲೆಂದು ಬೀದರಿಗೆ ಬಂದು ನಮ್ಮ ಮನೆಯಲ್ಲೇ ಉಳಿದರು. ಕಡಲತೀರದ ಊರಿನವರು, ಜೋಳದ ರೊಟ್ಟಿಯನ್ನೂ ಮೀನಿನ ಮುಳ್ಳು ಹುಡುಕುವವರ ಹಾಗೆ ಬೆರಳಿನಿಂದ ಬಿಡಿಸಿ ಬಿಡಿಸಿ ತಿನ್ನುತ್ತಿದ್ದರು. ಅದನ್ನು ನೋಡಿ ಫುಪ್ಪು, ಅಂದರೆ ಅಪ್ಪನ ಕೊನೆಯ ತಂಗಿ, ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. ಇಬ್ಬರಿಗೂ ಮಂಗನಿ, ಅಂದರೆ ನಿಶ್ಚಿತಾರ್ಥ, ಆಯಿತು. ದಾದಾ ಒಂದೇ ಷರತ್ತು ಹಾಕಿದರು. "ಮೊದಲ ಪಕ್ಕಾ ನೌಕರಿ. ಆಮ್ಯಾಲ ನಿಕಾಹ್." ಸಲೀಂ ಚಾಚಾ ನೌಕರಿ ಹುಡುಕಲು ಊರಿಗೆ ಹೋದರು. ಅಷ್ಟರಲ್ಲಿ ಅಲ್ಲಿ ಅಂತರ್ಯುದ್ಧ ಹತ್ತಿಕೊಂಡಿತು.

ಆ ಬೇಸಿಗೆಯಲ್ಲಿ ಫೋನಿಗೊಂದು ಫೋಟೊ ಬಂತು. ಮೈಮೇಲೆ ಮರಳುಬಣ್ಣದ ಸಮವಸ್ತ್ರ, ಮುಖದಲ್ಲಿ ಅದೇ ಹಳೆಯ ನಾಚಿಕೆ. ಹದ್ರಮೌತಿನ ಹುಡುಗರನ್ನೇ ಆರಿಸಿ ಅಲ್ಲೊಂದು ಹೊಸ ಪಡೆ ಕಟ್ಟಿದ್ದರು. ಬೂಟು, ಬಂದೂಕು, ತರಬೇತಿ, ಸಂಬಳ ಎಲ್ಲವೂ ಕೊಲ್ಲಿಯ ಎಮಿರೇಟ್ಸ್ ದೇಶದವರದು. ಇದನ್ನು ನಾನು ತಿಳಿದದ್ದು ಬಹಳ ವರ್ಷಗಳ ಮೇಲೆ, ವಿಶ್ವವಿದ್ಯಾಲಯದ ಓದುಕೋಣೆಯಲ್ಲಿ. ದಾದಾರಿಗೆ ಫೌಜೆಂದರೆ ಸರ್ಕಾರಿ ನೌಕರಿ, ರಜೆ, ಪಿಂಚಣಿ. ಗೋಧಿ ಮತ್ತು ಮಾಂಸ ಬೇಯಿಸಿ ಕುಟ್ಟಿದ ಹರೀಸನ್ನು ಹಂಡೆ ತುಂಬ ಮಾಡಿಸಿ, ಮೇಲೆ ತುಪ್ಪ ಸುರಿದು ಓಣಿಗೆಲ್ಲ ಹಂಚಿದರು. ಮದುವೆಗೆ ಮರ್ಫಾ ನಗಾರಿ ಬಾರಿಸುವವರಿಗೂ ಹೇಳಿಕಳಿಸಿದರು. ಫುಪ್ಪು ಕೆಂಪು ದುಪಟ್ಟಾಕ್ಕೆ ಜರಿಯ ಅಂಚು ಹಚ್ಚಲು ಕೂತಳು. ನಾವು ಮಕ್ಕಳು ಓಣಿಯ ಬಾಯಿಗೆ ಬೇವಿನ ಟೊಂಗೆ ಅಡ್ಡ ಹಿಡಿದು, ಹೋಗಿಬರುವವರನ್ನು ತಡೆದು ತಪಾಸಣೆ ಮಾಡುತ್ತ, ಚಾಚಾ ಕಾಯುವ ನಾಕಾದ ಆಟ ಆಡಿದೆವು.

ಭಾಲ್ಕಿಯ ನೆಂಟರಿಗೆ ಮದುವೆ ಸುದ್ದಿ ಹೇಳಲು ಹೊರಟ ದಾದಾ ನನ್ನನ್ನೂ ಕರೆದೊಯ್ದರು. ಬಸ್ಸಿನಲ್ಲಿ ಪಕ್ಕಕ್ಕೆ ಪಟಕಾ ಸುತ್ತಿದ ಮುದುಕರೊಬ್ಬರು ಕೂತಿದ್ದರು.

"ಅಳಿಯ ಆಗಾಂವ ಫೌಜಿನ್ಯಾಗ ಅದಾನ್ರಿ," ಎಂದರು ದಾದಾ, ಅವರು ಕೇಳದಿದ್ದರೂ.

"ಪೋಸ್ಟಿಂಗ್ ಎಲ್ಲ್ಯದ?"

"ಅವನ ಊರಾಗೇ. ಮನಿ ಮುಂದಿನ ನಾಕಾದಾಗ."

"ನಸೀಬ ಬಿಡ್ರಿ. ನನ್ನ ಮಗ ಮಿಲ್ಟ್ರಿ ಸೇರಿದಾಗಿಂದ ಬರ್ಫಿನ್ಯಾಗೇ ನಿಂತಾನ. ಆದ್ರ ರಜಾ ಮಾತ್ರ ಬರಾಬರ್ ಸಿಗ್ತದ. ನಿಮ್ಮ ಅಳಿಯಗ ರಜಾ ಯಾರು ಕೊಡ್ತಾರ?"

"ಯಾರು ಅಂದ್ರ? ಫೌಜು ಕೊಡ್ತದ," ಎಂದು ದಾದಾ ಕಿಟಕಿಯ ಕಡೆ ತಿರುಗಿದರು.

ಮರಳಿ ಬಂದ ಸಂಜೆಯೋ ಮರುದಿನವೋ ಸಲೀಂ ಚಾಚಾನ ಕರೆ ಬಂತು. ಎಲ್ಲರೂ ಮಾಳಿಗೆ ಹತ್ತಿದೆವು.

"ರಜಾಕ್ಕ ಅರ್ಜಿ ಕೊಟ್ಟಿ ಏನು ಬೇಟಾ?" ದಾದಾ ಸ್ಪೀಕರ್ ಹಾಕಿ ಕೇಳಿದರು.

"ಯಾರಿಗೆ ಕೊಡ್ಲಿ, ಬಡೇ ಅಬ್ಬಾ?"

"ಹುಚ್ಚ. ನಿನ್ನ ಜಮಾದಾರಗ."

"ಅವರು ಎಮಿರೇಟ್ಸಿನ ಸಾಹೇಬರನ್ನ ಕೇಳು ಅಂತಾರ. ಸಾಹೇಬರು, ನೀ ನಮ್ಮವ ಅಲ್ಲ, ನಿಮ್ಮ ಸರ್ಕಾರದಾಂವ ಅಂತಾರ. ಸರ್ಕಾರ ಎಲ್ಲ್ಯದ ಅಂತ ಇಲ್ಲಿ ಯಾರಿಗೂ ಗೊತ್ತಿಲ್ಲ." ಅವರು ನಕ್ಕರು. ನಾವೂ ನಕ್ಕೆವು.

ಫುಪ್ಪು ನಗಲಿಲ್ಲ. ದೊಡ್ಡವರ ಮುಂದೆ ಅವಳು ಚಾಚಾನ ಜೊತೆ ಮಾತಾಡಿದ್ದು ಅದೊಂದೇ ಸಲ. "ಬಿಟ್ಟು ಬರ್ರಿ," ಎಂದಳು.

"ಬಿಟ್ಟರ ನೌಕರಿ ಹೋಗ್ತದ. ನೌಕರಿ ಇಲ್ಲದ ಹ್ಯಾಂಗ ಬರ್ಲಿ?"

ಎಲ್ಲರೂ ದಾದಾರ ಮುಖ ನೋಡಿದೆವು. ಫುಪ್ಪುವಿನ ಕೈ ನನ್ನ ಹೆಗಲ ಮೇಲಿತ್ತು. ಬೆರಳುಗಳು ಒತ್ತುತ್ತಿದ್ದವು.

"ಗಾಳಿ ಭಾಳ ಅದ. ಏನೂ ಕೇಳಸವಲ್ದು," ಎಂದು ದಾದಾ ಫೋನನ್ನು ಅಪ್ಪನ ಕೈಗಿಟ್ಟು ಕೆಳಗಿಳಿದರು.

ಆ ಸಂಜೆ ಗಾಳಿ ಇತ್ತೇ? ಎಷ್ಟು ನೆನೆದರೂ ಮಾಳಿಗೆಯ ತಂತಿಯ ಮೇಲಿನ ಬಟ್ಟೆಗಳು ಅಲುಗಾಡಿದ್ದು ನನಗೆ ಕಾಣುವುದಿಲ್ಲ. ಇದನ್ನೂ ನಾನೇ ಸೇರಿಸಿಕೊಂಡಿರಬಹುದು.

ಕರೆಗಳು ವಿರಳವಾದವು. ಮರ್ಫಾದವರಿಗೆ ಬೇಡವೆಂದು ಹೇಳಿಕಳಿಸಿದರು. ಮುಂದೆ ಫುಪ್ಪುವನ್ನು ಔರಾದಿನ ಅಂಗಡಿಕಾರರೊಬ್ಬರಿಗೆ ಕೊಟ್ಟರು. ಒಳ್ಳೆಯ ಮನುಷ್ಯ. ಅವಳಿಗೆ ಎರಡು ಮಕ್ಕಳು. ಜರಿ ಅರ್ಧಕ್ಕೇ ನಿಂತ ದುಪಟ್ಟಾ ಮೈಲೂರಿನ ಟ್ರಂಕಿನಲ್ಲೇ ಉಳಿಯಿತು. ಸಲೀಂ ಚಾಚಾ ಬದುಕಿದ್ದಾರೆ, ಈದಿಗೆ ಸಂದೇಶ ಕಳಿಸುತ್ತಾರೆ. ಆ ಪಡೆಯ ಹಿಂದೆ ಈಗ ಯಾರಿದ್ದಾರೆ ಎಂದು ಪತ್ರಿಕೆಗಳಲ್ಲಿ ಹುಡುಕುವುದನ್ನು ನಾನು ಬಿಟ್ಟಿದ್ದೇನೆ. ಪ್ರತಿ ಸಲ ಬೇರೆ ಉತ್ತರ ಸಿಕ್ಕು ಸಾಕಾಗಿದೆ. ಮನೆಯ ಮೂಲೆಮೂಲೆಗೂ ಸಿಗ್ನಲ್ ಬಂದಿದೆ. ಒಟ್ಟಿಗೆ ಮಾಳಿಗೆ ಹತ್ತುವವರು ಯಾರೂ ಇಲ್ಲ. ಫುಪ್ಪು ತವರಿಗೆ ಬಂದರೂ ಆ ಮೆಟ್ಟಿಲ ಕಡೆ ಹೋಗುವುದಿಲ್ಲ.

ಹೋದ ಶುಕ್ರವಾರ ದಾದಾ ಎಣ್ಣೆಬಟ್ಟೆ ಹಿಡಿದು ಬಾಕು ಒರೆಸುತ್ತಿದ್ದರು. ಕೈ ನಡುಗುತ್ತದೆ, ಕಿವಿ ಮಾತ್ರ ಇನ್ನೂ ಚುರುಕು. ಪಕ್ಕದಲ್ಲಿ ಕೂತು ಕೇಳಿದೆ:

"ದಾದಾ, ಆವತ್ತು ಮಾಳಿಗಿ ಮ್ಯಾಲ, ನೌಕರಿ ಇಲ್ಲದಿದ್ರೂ ನಡೀತದ, ಬಾ ಅಂತ ಯಾಕ ಅನ್ನಲಿಲ್ರಿ?"