ರಂಜಾನಿನ ಏಳು ಚುಕ್ಕೆಗಳು

ಪುತ್ತೂರಿನಲ್ಲಿ ಸ್ಕ್ಯಾನಿಂಗ್ ಮುಗಿಸಿ ಬಸ್ಸಿನಲ್ಲಿ ಈಶ್ವರಮಂಗಲಕ್ಕೆ ಬರುವಾಗ ಅತ್ತೆ ನನಗೆ ಕಿಟಕಿ ಪಕ್ಕದ ಸೀಟು ಬಿಟ್ಟುಕೊಟ್ಟಿದ್ದರು. ವಾಂತಿ ಬಂದರೆ ಮೂಸಲಿಕ್ಕೆ ಎಂದು ನಿಂಬೆಹಣ್ಣು ಬೇರೆ. ಮನೆಗೆ ಬಂದು, ಕನ್ನಡಕ ಹಾಕಿ ರಿಪೋರ್ಟು ಓದಿದ ಮೇಲೆ ಅದೇ ಅತ್ತೆಯ ಮುಖ ಬಿಗಿಯಿತು. ಗರ್ಭಕ್ಕೆ ಎಂಟು ವಾರ ಐದು ದಿನ ಎಂದು ಅದರಲ್ಲಿತ್ತು. ಅವರ ಮಗ, ಅಂದರೆ ನನ್ನ ಗಂಡ, ಸೌದಿಯಿಂದ ಒಂದು ತಿಂಗಳ ರಜೆಗೆ ಬಂದದ್ದು ರಂಜಾನಿನ ಕೊನೆಯ ದಿನ, ಪೆರ್ನಾಲ್ ಹಬ್ಬದ ಮುನ್ನಾದಿನ. ಅಲ್ಲಿಂದ ಎಣಿಸಿದರೆ ಆಗಿದ್ದು ಏಳೂವರೆ ವಾರ.

ಮಿಕ್ಕ ವಾರ ಎಲ್ಲಿಂದ ಬಂತೆಂದು ಅವರು ಕೇಳಲಿಲ್ಲ. ಕೇಳಿದ್ದರೆ ಜಗಳವಾದರೂ ಆಡಬಹುದಿತ್ತು. ಎರಡು ದಿನ ಮಾತಿಲ್ಲ. ಮೂರನೆಯ ದಿನ ಬೆಳಿಗ್ಗೆ ಚಹಾ ಮುಂದಿಟ್ಟು, ಸದ್ಯಕ್ಕೆ ಸುಳ್ಯದ ತವರಿಗೆ ಹೋಗಿರು, ಆಮೇಲೆ ನೋಡುವ ಎಂದರು. ನಮ್ಮ ಮನೆಗಳಲ್ಲಿ ಚೊಚ್ಚಲ ಬಸುರಿ ತವರಿಗೆ ಹೋಗುವುದು ಏಳನೆಯ ತಿಂಗಳಿನಲ್ಲಿ. ಮೂರನೆಯದರಲ್ಲೇ ಬ್ಯಾಗು ಹಿಡಿದು ಹೊರಟರೆ ಊರಿಗೆ ಬೇರೇನೂ ಹೇಳಬೇಕಾಗಿಲ್ಲ. ನಾನು ಚಹಾದ ಲೋಟವನ್ನು ಹಿಂದಕ್ಕೆ ಸರಿಸಿದೆ.

"ಹೋಗುದಿಲ್ಲ ಮಾಮಿ," ಎಂದೆ. "ಈ ಲೆಕ್ಕ ಸರಿಯಾಗುವ ತನಕ ನಾನು ಮೆಟ್ಟಿಲು ಇಳಿಯುದಿಲ್ಲ."

ಹೇಳಿದ್ದೇನೋ ಗಟ್ಟಿಯಾಗಿಯೇ. ಆದರೆ ಆ ವಾರ ಎಲ್ಲಿಂದ ಬಂತೆಂದು ನನಗೂ ಗೊತ್ತಿರಲಿಲ್ಲ. ಪಿಯುಸಿಯಲ್ಲಿ ವಿಜ್ಞಾನ ಓದಿದವಳು ನಾನು, ಕಪ್ಪೆಯ ಹೊಟ್ಟೆಯಲ್ಲಿ ಏನೇನಿದೆ ಎಂದು ಈಗಲೂ ಹೇಳಬಲ್ಲೆ. ಗಂಡನಿಗೆ ಫೋನು ಮಾಡಬಹುದಿತ್ತು, ಮಾಡಲಿಲ್ಲ. ತಾಯಿಯನ್ನೂ ಹೆಂಡತಿಯನ್ನೂ ಇಲ್ಲಿ ಬಿಟ್ಟು ಅಲ್ಲಿ ಕುಳಿತವನು ಏನು ಮಾಡಿಯಾನು? ಅವನ ಬಾಯಿಂದ ನನ್ನ ಮಾನ ಉಳಿಸಿಕೊಳ್ಳುವ ಮನಸ್ಸೂ ನನಗಿರಲಿಲ್ಲ.

ಆ ವಾರವೇ ಆಶಾ ಕಾರ್ಯಕರ್ತೆ ತಾಯಿ ಕಾರ್ಡು ತುಂಬಿಸಲು ಬಂದರು. ಸುಳ್ಯ ಕಡೆಯ ಗೌಡರ ಮನೆಯವರು, ಮಾತು ಸ್ವಲ್ಪ ಒರಟು. ಅತ್ತೆಯ ಎದುರಿನಲ್ಲೇ ಕೇಳಿಬಿಟ್ಟೆ, ಈ ವಾರಗಳನ್ನು ಎಲ್ಲಿಂದ ಎಣಿಸುವುದು ಎಂದು.

"ಮಗು ಹೊಟ್ಟೆಯಲ್ಲಿ ನಿಂತ ದಿನ ಯಾರಿಗೆ ಗೊತ್ತುಂಟು? ಗೊತ್ತಿರುದು ಕಡೆಯ ಸಲ ಮುಟ್ಟಾದ ದಿನ ಮಾತ್ರ," ಎಂದರು ಅವರು. "ಎಣಿಸುದು ಅಲ್ಲಿಂದ. ಸುರುವಿನ ಎರಡು ವಾರ ಹೊಟ್ಟೆಯಲ್ಲಿ ಎಂತದೂ ಇರುದಿಲ್ಲ."

ಆ ದಿನಕ್ಕೆ ಒಂಬತ್ತು ತಿಂಗಳು, ಮೇಲೆ ಏಳು ದಿನ ಸೇರಿಸಿದರೆ ಹೆರಿಗೆಯ ಅಂದಾಜು ಸಿಗುತ್ತದಂತೆ. ಮೊದಲ ಮೂರು ತಿಂಗಳು ವಾಂತಿ, ಸುಸ್ತು; ಐದರ ಹೊತ್ತಿಗೆ ಮಗು ಮಿಸುಕುವುದು; ಏಳು ಕಳೆದ ಮೇಲೆ ಕಾಲು ಬಾತರೆ, ತಲೆ ಸಿಡಿದರೆ ತಡಮಾಡದೆ ಆಸ್ಪತ್ರೆಗೆ ಓಡುವುದು ಎಂದೂ ಹೇಳಿದರು. ಅತ್ತೆ ಮಾತ್ರ ಒಪ್ಪಲಿಲ್ಲ. ಇಲ್ಲದ ಮಗುವಿಗೆ ವಯಸ್ಸು ಹಿಡಿಯುವುದು ಯಾವ ಸೀಮೆಯ ಲೆಕ್ಕ ಎಂದು ಗೊಣಗಿದರು.

ನಾನು ಎದ್ದು ಅಡುಗೆಮನೆಯ ಗೋಡೆಯಿಂದ ಕ್ಯಾಲೆಂಡರನ್ನೇ ಕಿತ್ತು ತಂದೆ. ಮುಟ್ಟಿನ ದಿನಗಳಲ್ಲಿ ನಮಗೆ ನೋಂಬು ಇಲ್ಲ. ತಪ್ಪಿದ ಉಪವಾಸಗಳನ್ನು ಮುಂದೆ ಎಂದಾದರೂ ಹಿಡಿದು ತೀರಿಸಬೇಕು. ಮರೆತುಹೋಗದಿರಲಿ ಎಂದು ಪೆನ್ಸಿಲಿನಿಂದ ಗುರುತು ಹಾಕಿಡುತ್ತೇನೆ. ರಂಜಾನಿನ ಇಪ್ಪತ್ತೆರಡರಿಂದ ಇಪ್ಪತ್ತೆಂಟರವರೆಗೆ ಏಳು ಚುಕ್ಕೆಗಳಿದ್ದವು.

"ಈ ಏಳು ದಿನ ಹಗಲು ನನಗೆ ಒಳಕೋಣೆಯಲ್ಲಿ ಗಂಜಿ ಮುಚ್ಚಿಟ್ಟು ಕೊಟ್ಟದ್ದು ಯಾರು ಮಾಮಿ?" ಎಂದೆ. "ನಿಮ್ಮ ಮಗ ಬಂದದ್ದು ಅದು ಮುಗಿದ ಮೇಲೆ."

ಅತ್ತೆ ಕ್ಯಾಲೆಂಡರನ್ನು ಮಡಿಲಿಗೆಳೆದುಕೊಂಡರು. ಇಪ್ಪತ್ತೆರಡರ ಮೇಲೆ ಬೆರಳಿಟ್ಟು ಎರಡು ವಾರ ದಾಟಿಸಿದರು; ಹಬ್ಬ ಕಳೆದು ಆರನೆಯ ದಿನಕ್ಕೆ ಬಂತು. ಅಲ್ಲಿಂದ ತಮ್ಮ ರೂಢಿಯಂತೆ ಚಂದ್ರನ ತಿಂಗಳು ಒಂಬತ್ತನ್ನು ಬೆರಳ ಗೆಣ್ಣಿನಲ್ಲಿ ಎಣಿಸಿದರು. ರಜಬ್ ತಿಂಗಳ ಮೊದಲ ವಾರ. ಆಶಾ ಅಕ್ಕ ಕಾರ್ಡಿನಲ್ಲಿ ಬರೆದ ಹೆರಿಗೆಯ ತಾರೀಕನ್ನು ಹುಡುಕಿದರೆ, ಅದೂ ಅದೇ ವಾರದಲ್ಲಿತ್ತು. ಅತ್ತೆ ಎದ್ದು ಹೋಗಿ ಕ್ಯಾಲೆಂಡರನ್ನು ಮೊದಲಿನ ಮೊಳೆಗೇ ನೇತುಹಾಕಿದರು. ತವರಿನ ಮಾತು ಏಳನೆಯ ತಿಂಗಳವರೆಗೆ ಮತ್ತೆ ಬರಲಿಲ್ಲ.

ಹೇಳಿದ ದಿನಕ್ಕಿಂತ ಎರಡು ದಿನ ತಡವಾಗಿ ಮಗಳು ಹುಟ್ಟಿದಳು. ಅತ್ತೆ ಮಗುವನ್ನು ಎತ್ತಿ ಆಡಿಸಿದರು, ನನ್ನ ಬಾಣಂತನಕ್ಕೆ ಬೇಕಾದ್ದೆಲ್ಲ ಸುಳ್ಯಕ್ಕೆ ಹೊತ್ತು ತಂದರು. ಆ ಮೂರು ದಿನಗಳ ವಿಷಯ ಮಾತ್ರ ಬಾಯಿಬಿಡಲಿಲ್ಲ. ನಾನೂ ಮರೆಯಲಿಲ್ಲ.

ಮಗಳು ಹಾಲು ಬಿಟ್ಟ ಮೇಲೆ ಆ ಏಳು ನೋಂಬುಗಳನ್ನು ಹಿಡಿಯಲು ಕುಳಿತೆ. ಮೊದಲ ದಿನ ಮಧ್ಯಾಹ್ನ ನೋಡಿದರೆ ಅತ್ತೆಯೂ ಊಟ ಮಾಡಲಿಲ್ಲ. ಎರಡನೆಯ ದಿನವೂ ಇಲ್ಲ. ಮುಟ್ಟು ನಿಂತು ಎಷ್ಟೋ ವರ್ಷವಾದ ಅವರಿಗೆ ತೀರಿಸಬೇಕಾದ ನೋಂಬು ಒಂದೂ ಇರಲಿಲ್ಲ. ಏಳನೆಯ ಸಂಜೆ ಖರ್ಜೂರದ ತಟ್ಟೆಯ ಎದುರು ಕುಳಿತಾಗ, ಇದು ಯಾಕೆ ಎಂದು ಕೇಳಿದೆ.

"ಆ ಗಂಜಿ ಬಡಿಸಿದ್ದು ಇದೇ ಕೈ," ಎಂದರು ಅತ್ತೆ. "ಅದು ನನಗೆ ನೆನಪಿರಬೇಕಿತ್ತು."

ಮಸೀದಿಯ ಬಾಂಗು ಕೇಳಿತು. ಮೊದಲ ಖರ್ಜೂರವನ್ನು ಅವರು ನನ್ನ ಬಾಯಿಗೆ ಇಟ್ಟರು.